ಮುಟ್ಟದೆ ಅಳೆಯುವುದು

ಕಲಾದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮುತ್ಯಾನ ರೇಡಿಯೋ ಈಗಲೂ ಇದೆ, ಹಾಡುವುದಿಲ್ಲ ಅಷ್ಟೇ. ಶಾರ್ಟ್‌ವೇವ್ ಹಚ್ಚಿ ರೇಡಿಯೋ ಸಿಲೋನ್ ಕೇಳುತ್ತಿದ್ದ ದಿನಗಳ ಬಗ್ಗೆ ಮುತ್ಯಾ ಆಗಾಗ ಹೇಳುತ್ತಿದ್ದ. ನಾನು ಭೌತಶಾಸ್ತ್ರದ ಎಂ.ಎಸ್ಸಿ. ಸೇರಿದಾಗ, "ಧಾರವಾಡ ಸ್ಟೇಷನ್ ಬಿಡು, ಹತ್ರ ಐತಿ. ಸಮುದ್ರದ ಆಚೆ ಇರೋ ಸಿಲೋನ್ ನಮ್ಮೂರಿಗೆ ಹೆಂಗ ಬರತಿತ್ತೋ ತಮ್ಮಾ?" ಎಂದು ಕೇಳಿದ್ದ. "ಮ್ಯಾಲೆ ಬಡದು ವಾಪಸ್ ಬರತೈತಿ" ಎಂದೆ. "ಮ್ಯಾಲೆ ಏನೈತಿ ಬಡಿಯಾಕ?" ಎಂದ. ಅದಕ್ಕೆ ಅವತ್ತು ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಈಗ ನನ್ನ ಪಿಎಚ್.ಡಿ. ನಡೆದಿರುವುದೇ ಆ ಪ್ರಶ್ನೆಯ ಮೇಲೆ.

ಮೇಲೆ ಇರುವುದು ಪ್ಲಾಸ್ಮಾ. ಬಿಸಿಲು ವಾತಾವರಣದ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಬಿಡಿಬಿಡಿಯಾಗಿಸಿದ ಪದರ. 1924ರ ಡಿಸೆಂಬರ್ 11ರಂದು ಎಡ್ವರ್ಡ್ ಆಪಲ್ಟನ್ ಮತ್ತು ಮೈಲ್ಸ್ ಬಾರ್ನೆಟ್ ಅದಕ್ಕೆ ಪುರಾವೆ ಹುಡುಕಿದರು. ಬಿಬಿಸಿಯ ಬೋರ್ನ್‌ಮತ್ ಕೇಂದ್ರ ರಾತ್ರಿಯ ಕಾರ್ಯಕ್ರಮ ಮುಗಿಸಿದ ಮೇಲೆ, ಅಲ್ಲಿಂದ ಹೊರಡುವ ಅಲೆಯ ಆವರ್ತನವನ್ನು ನಿಧಾನವಾಗಿ ಬದಲಿಸಲಾಯಿತು. ಆಕ್ಸ್‌ಫರ್ಡ್‌ನಲ್ಲಿ ಕುಳಿತವರಿಗೆ ನೆಲದ ಮೇಲೆ ಬಂದ ಅಲೆಯೂ ಮೇಲಿನಿಂದ ಮರಳಿದ ಅಲೆಯೂ ಕೂಡಿ ಸದ್ದು ಏರುತ್ತ ಇಳಿಯುತ್ತ ಕೇಳಿಸಿತು. ಆ ಏರಿಳಿತಗಳನ್ನು ಎಣಿಸಿದರೆ ಸುಮಾರು 90 ಕಿಲೋಮೀಟರ್ ಎತ್ತರ ಸಿಕ್ಕಿತು. ಮರುವರ್ಷ ಅಮೆರಿಕದಲ್ಲಿ ಬ್ರೈಟ್ ಮತ್ತು ಟ್ಯೂವ್ ಚಿಕ್ಕ ಚಿಕ್ಕ ಸ್ಪಂದನಗಳನ್ನು ಕಳಿಸಿ, ಅವು ಮರಳುವ ಹೊತ್ತನ್ನೇ ಅಳೆದರು. 1930ರ ಹೊತ್ತಿಗೆ ಕಲ್ಕತ್ತೆಯಲ್ಲಿ ಶಿಶಿರ್ ಕುಮಾರ್ ಮಿತ್ರ ಇದೇ ಕೆಲಸದಲ್ಲಿದ್ದರು. ನಮ್ಮ ಪಠ್ಯಪುಸ್ತಕಗಳಲ್ಲಿ ಆಪಲ್ಟನ್ ಇರುತ್ತಾರೆ, ಮಿತ್ರ ಇರುವುದಿಲ್ಲ. ಇದು ನನ್ನ ಹಳೆಯ ತಕರಾರು.

ಲೆಕ್ಕ ಸರಳ. ಒಂದು ಘನ ಸೆಂಟಿಮೀಟರಿನಲ್ಲಿ ಎಷ್ಟು ಎಲೆಕ್ಟ್ರಾನ್ ಇವೆಯೋ ಅದರ ವರ್ಗಮೂಲವನ್ನು 9ರಿಂದ ಗುಣಿಸಿ. ಅಷ್ಟು ಕಿಲೋಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಅಲೆ ಆ ಪ್ಲಾಸ್ಮಾದೊಳಗೆ ಹೋಗಲಾರದು, ತಿರುಗಿ ಬರುತ್ತದೆ. 10 ಲಕ್ಷ ಎಲೆಕ್ಟ್ರಾನ್ ಇದ್ದರೆ ಆ ಗಡಿ 9 ಮೆಗಾಹರ್ಟ್ಸ್. ಸಿಲೋನ್ ಮರಳಿ ಬರುತ್ತಿದ್ದದ್ದು, ಈಗಿನ ಎಫ್‌ಎಂ ಮೇಲಕ್ಕೆ ಹೋದದ್ದು ಹಾಗೇ ಹೋಗಿಬಿಡುವುದು, ಎರಡಕ್ಕೂ ಇದೇ ಕಾರಣ. ಗೌರಿಬಿದನೂರಿನಲ್ಲಿ 1976ರಿಂದ ದುಡಿದ ದೂರದರ್ಶಕ 34.5 ಮೆಗಾಹರ್ಟ್ಸ್‌ನ ಸೌರ ಅಲೆಗಳನ್ನು ಹಿಡಿಯುತ್ತಿತ್ತು. ಲೆಕ್ಕ ಹಾಕಿದರೆ ಅದು ಘನ ಸೆಂಟಿಮೀಟರಿಗೆ ಸುಮಾರು ಒಂದೂವರೆ ಕೋಟಿ ಎಲೆಕ್ಟ್ರಾನ್. ಸೂರ್ಯನ ಕಿರೀಟದಲ್ಲಿ ಅದಕ್ಕಿಂತ ದಟ್ಟವಾದ ಪದರದಿಂದ ಆ ಅಲೆ ಹೊರಗೆ ಬರಲಾರದು.

ಸೂರ್ಯನಲ್ಲಿ ನಡೆಯುವ ಸಮ್ಮಿಲನವನ್ನು ನೆಲದ ಮೇಲೆ ನಡೆಸಲು ಕಟ್ಟಿದ ಯಂತ್ರ ಟೋಕಮಾಕ್. ಗಾಂಧಿನಗರದ ಹತ್ತಿರ ಭಾಟ್ ಗ್ರಾಮದಲ್ಲಿರುವ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ 'ಆದಿತ್ಯ' 1989ರಲ್ಲಿ ಶುರುವಾಯಿತು. ದೊಡ್ಡ ಟೋಕಮಾಕ್‌ಗಳಲ್ಲಿ ಪ್ಲಾಸ್ಮಾದ ಶಾಖ ಕೋಟಿಗಟ್ಟಲೆ ಡಿಗ್ರಿ. ಒಳಗೆ ಯಾವ ಸಲಾಕೆ ಇಳಿಸಿದರೂ ಉಳಿಯುವುದಿಲ್ಲ. ಹಾಗಾಗಿ ಆಪಲ್ಟನ್‌ನ ಉಪಾಯವೇ ಮತ್ತೆ ಕೈಗೆ ಬಂತು. 1980ರ ದಶಕದಲ್ಲಿ ಫ್ರಾನ್ಸಿನ ಟಿಎಫ್‌ಆರ್ ಯಂತ್ರದಲ್ಲಿ ಈ ವಿಧಾನದಿಂದ ಸಾಂದ್ರತೆಯ ನಕ್ಷೆ ತೆಗೆದರು. ಇಲ್ಲಿ ಘನ ಸೆಂಟಿಮೀಟರಿಗೆ 10 ಲಕ್ಷ ಕೋಟಿ ಎಲೆಕ್ಟ್ರಾನ್, ಆದ್ದರಿಂದ ಮೆಗಾಹರ್ಟ್ಸ್ ಸಾಲದು, 28 ಗಿಗಾಹರ್ಟ್ಸ್‌ನ ಆಸುಪಾಸಿನ ಮೈಕ್ರೋವೇವ್ ಬೇಕು. ಆವರ್ತನ ಏರಿಸುತ್ತ ಹೋದಂತೆ ಅಲೆ ಇನ್ನಷ್ಟು ಒಳಗೆ ಹೋಗಿ ತಿರುಗುತ್ತದೆ.

ಆದರೆ ಒಂದು ತೊಡಕಿದೆ. ನಮ್ಮ ಕೈಗೆ ಸಿಗುವುದು ದೂರವಲ್ಲ, ಅಲೆ ಹೋಗಿ ಬಂದ ಹೊತ್ತು. ಪ್ಲಾಸ್ಮಾದೊಳಗೆ ಅಲೆಯ ಸಂಕೇತ ನಿಧಾನವಾಗುತ್ತದೆ. ಎಷ್ಟು ನಿಧಾನ ಎಂಬುದು ದಾರಿಯಲ್ಲಿ ದಾಟಿದ ಎಲ್ಲ ಪದರಗಳ ಮೇಲೆ ನಿಂತಿದೆ. ಹೀಗಾಗಿ ಅಂಚಿನಿಂದ ಶುರುಮಾಡಿ ಪದರದ ಮೇಲೆ ಪದರ ಕಟ್ಟಬೇಕು. ತೀರಾ ತೆಳುವಾದ ಅಂಚಿನ ಪದರದ ಅಳತೆ ಎಷ್ಟೋ ಸಲ ಸಿಗುವುದೇ ಇಲ್ಲ, ಊಹಿಸಬೇಕಾಗುತ್ತದೆ. ನಾನು ಹಾಗೆ ಊಹಿಸಿದೆ, ಊಹಿಸಿದ್ದನ್ನು ಮರೆತೆ. ನಕ್ಷೆ ಚೆಂದ ಬಂತು. ಮಾರ್ಗದರ್ಶಕರು ನೋಡಿ, "ಮೊದಲ ಬಿಂದು ಎಲ್ಲಿಂದ ಬಂತು?" ಎಂದಷ್ಟೇ ಕೇಳಿದರು. ಅದನ್ನು ಸ್ವಲ್ಪ ಸರಿಸಿದೊಡನೆ ಇಡೀ ನಕ್ಷೆ ಜರುಗಿತು. ಮೂರು ತಿಂಗಳ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಆ ಬೇಸರದಲ್ಲೇ ಊರಿಗೆ ಹೋಗಿದ್ದೆ. ಜಮಖಂಡಿಯ ಬಸ್ಸಿನಲ್ಲಿ ಕುಳಿತಾಗ ಹರ್ಷಲ್ ನೆನಪಾದ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷಲ್ ಬೀಡು ಬಿಟ್ಟಿದ್ದು ಇದೇ ಜಮಖಂಡಿಯಲ್ಲಿ. ಮೋಡಗಳ ಸಂದಿಯಲ್ಲಿ ರೋಹಿತದರ್ಶಕ ಹಿಡಿದು ಸೂರ್ಯನ ಜ್ವಾಲೆಗಳ ಬೆಳಕಿನಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡ. ಅವನೂ ಪ್ಲಾಸ್ಮಾವನ್ನು ಮುಟ್ಟದೆಯೇ ಓದುತ್ತಿದ್ದ, ಆ ಹೆಸರು ಮಾತ್ರ ಆಗ ಹುಟ್ಟಿರಲಿಲ್ಲ. ಆ ಗ್ರಹಣ ನೋಡಿದ ಹಲವರು ಕಿತ್ತಳೆ ಗೆರೆಯನ್ನು ಸೋಡಿಯಂನದ್ದೆಂದೇ ಎಣಿಸಿದರು, ಗೊತ್ತಿದ್ದ ಗೆರೆ ಅಷ್ಟು ಹತ್ತಿರದಲ್ಲಿತ್ತು. ಅದು ಹೀಲಿಯಂ, ಸಮ್ಮಿಲನದ ಬೂದಿ. ಆ ಅನಿಲವನ್ನು ಭೂಮಿಯ ಮೇಲೆ ವಿಲಿಯಂ ರಾಮ್ಸೆ ಹಿಡಿದದ್ದು 1895ರಲ್ಲಿ, 27 ವರ್ಷಗಳ ನಂತರ.

ನನ್ನ ಪ್ರಬಂಧದಲ್ಲಿ ಈಗ ಅಂಚಿನ ಊಹೆಗೇ ಒಂದು ಪ್ರತ್ಯೇಕ ಅಧ್ಯಾಯವಿದೆ.