ಎಳೆಎಳೆಯಾಗಿ

ಕೋರ್ಟು ಕಚೇರಿಯ ಇಂಗ್ಲಿಷ್ ಕಾಗದಗಳಲ್ಲಿ ಒಮ್ಮೊಮ್ಮೆ ‘ಸೀರಿಯಾಟಿಮ್’ ಎಂಬ ಕ್ರಿಯಾವಿಶೇಷಣ ತಲೆಹಾಕುತ್ತದೆ. ಆಸ್ತಿಯ ಪಾಲಿಗೋ ಜೀವನಾಂಶಕ್ಕೋ ಕೋರ್ಟಿನ ಮೆಟ್ಟಿಲು ಹತ್ತಿದ ಹೆಣ್ಣುಮಗಳು ಅದನ್ನು ಕಂಡು ಗಾಬರಿಯಾದರೆ ಆಶ್ಚರ್ಯವಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಅದನ್ನು ದಿನಬಳಕೆಗೆ ತರುವುದಿಲ್ಲ. ಅರ್ಥ ಮಾತ್ರ ಇಷ್ಟೇ: ಒಂದಾದ ಮೇಲೊಂದರಂತೆ, ಸಾಲಾಗಿ.

ಈ ಪದದ ತವರು ಲ್ಯಾಟಿನ್. ಅಲ್ಲಿ ‘ಸೆರೆರೆ’ ಎಂದರೆ ಪೋಣಿಸು, ಒಂದಕ್ಕೊಂದು ಸೇರಿಸು. ಅದರಿಂದ ಹುಟ್ಟಿದ ‘ಸೀರೀಸ್’ ಎಂದರೆ ಸಾಲು. ರೋಮನರು ಹೂಮಾಲೆಗಳಿಗೆ ಹೇಳುತ್ತಿದ್ದ ‘ಸೆರ್ತ’ವೂ ಇದೇ ಬಳಗದ್ದು. ನಡುಗಾಲದ ಯುರೋಪಿನ ವಿದ್ವಾಂಸರು ಸೀರೀಸ್‌ಗೆ ‘ಆಟಿಮ್’ ಎಂಬ ಬಾಲ ಹಚ್ಚಿದರು, ಸೀರಿಯಾಟಿಮ್ ಆಯಿತು. ಮಾತು ಎಂಬರ್ಥದ ‘ವರ್ಬಮ್’ಗೂ ಅದೇ ಬಾಲ ಬಂದು, ‘ಪದಕ್ಕೆ ಪದ’ ಎನ್ನುವ ‘ವರ್ಬೇಟಿಮ್’ ಆಯಿತು. ಕರಿಕೋಟಿನ ಪದದ ಒಳಗೆ ಹೂ ಪೋಣಿಸುವ ಕೈ ಇದೆ, ನೋಡಿ!

ಇದೇ ಬಾಲದ ಇನ್ನೊಂದು ಲ್ಯಾಟಿನ್ ಪದ ‘ಫಿಲಾಟಿಮ್’. ‘ಫಿಲುಮ್’ ಎಂದರೆ ನೂಲು. ಫಿಲಾಟಿಮ್ ಎಂದರೆ ನೂಲುನೂಲಾಗಿ. ಕೆಂಪು ಬಟ್ಟೆಯನ್ನು ಹೀಗೆ ಬಿಡಿಸುತ್ತ ಹೋದರೆ ಬಣ್ಣವೇ ಕಳೆದುಹೋಗುತ್ತದೆ ಎಂದು ಕ್ರಿಸ್ತಪೂರ್ವ 1ನೇ ಶತಮಾನದ ಕವಿ ಲುಕ್ರೀಷಿಯಸ್ ಬರೆದಿದ್ದಾನೆ.

ಇಂಗ್ಲಿಷಿನಲ್ಲಿ ಫಿಲಾಟಿಮ್ ಬೇರೂರಲಿಲ್ಲ. ಆದರೆ ಅದರ ತಾಯಿ ಫಿಲುಮ್, ಫ್ರೆಂಚಿನ ದಾರಿ ಹಿಡಿದು ‘ಫಿಲೇಚರ್’ ಆಗಿ, ರೇಷ್ಮೆಯ ಬೆನ್ನಿಗೆ ನಮ್ಮ ಯಳಂದೂರು ತಾಲ್ಲೂಕಿನ ಮಾಂಬಳ್ಳಿಯವರೆಗೂ ಬಂತು. ಅಲ್ಲಿದ್ದ ಸರ್ಕಾರಿ ನೂಲು ತೆಗೆಯುವ ಕಾರ್ಖಾನೆಗೆ ಅದೇ ಹೆಸರು. ಬಿಸಿನೀರಿನಲ್ಲಿ ಬೆಂದ ಗೂಡಿನ ತುದಿ ಹುಡುಕಿ ಹಿಡಿಯಬೇಕು. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ. ಅಂಥ ಏಳೆಂಟು ಎಳೆ ಕೂಡಿದರೆ ಒಂದು ನೂಲು. ಈ ಕಸುಬಿನಲ್ಲಿ ಬೆರಳು ಬೇಯಿಸಿಕೊಂಡ ಹೆಂಗಸರಿಗೆ ಲೆಕ್ಕವಿಲ್ಲ. ಅವರ ಸಂಬಳ, ಪಿಂಚಣಿಯ ಕಾಗದ ಕೂರುವ ‘ಫೈಲ್’ ಕೂಡ ಫಿಲುಮ್‌ನ ಮಗುವೇ. ಹಿಂದೆ ಯುರೋಪಿನಲ್ಲಿ ಕಾಗದಗಳನ್ನು ದಾರಕ್ಕೆ ಪೋಣಿಸಿ ಇಡುತ್ತಿದ್ದರು.

ನಮ್ಮ ಕನ್ನಡ ಇದಕ್ಕೆ ಹೆಚ್ಚು ಕಷ್ಟಪಡಲಿಲ್ಲ. ಪದವನ್ನು ಎರಡು ಸಲ ಹೇಳಿ ‘ಆಗಿ’ ಸೇರಿಸಿತು: ಸಾಲುಸಾಲಾಗಿ, ಎಳೆಎಳೆಯಾಗಿ. ಲ್ಯಾಟಿನ್ ಪಂಡಿತರು ಹೇಳಿದ್ದೂ ಇದನ್ನೇ. ಆದ್ದರಿಂದ ‘ಸೀರಿಯಾಟಿಮ್ ಉತ್ತರ ಕೊಡಿ’ ಎಂದು ಯಾರಾದರೂ ಕೇಳಿದರೆ ಅಂಜಬೇಡಿ. ಒಂದನೆಯ ಅಂಶದ ತುದಿ ಹಿಡಿದು, ಎಳೆ ಕಡಿಯದಂತೆ ಹೇಳುತ್ತ ಹೋಗಿ. ಆ ವಿದ್ಯೆ ನಮ್ಮ ಹೆಂಗಸರ ಕೈಗೆ ಹೊಸದಲ್ಲ.