ಕರಿಹೆಗ್ಗಡೆಯ ಮಗಳು ಯಾವ ಊರಿನವಳು?

ಸೊರಬ ತಾಲೂಕಿನ ಚಂದ್ರಗುತ್ತಿಯ ಗುಡ್ಡದಲ್ಲಿ ರೇಣುಕಾಂಬೆಯ ಗುಹಾಲಯವಿದೆ. ಪತಿ ಜಮದಗ್ನಿಯ ಕೋಪಕ್ಕೆ ಗುರಿಯಾದ ರೇಣುಕೆ, ಕೊಡಲಿ ಹಿಡಿದು ಬಂದ ಮಗನಿಂದ ತಪ್ಪಿಸಿಕೊಂಡು ಇಲ್ಲಿ ಅಡಗಿದಳೆಂದು ಸ್ಥಳಪುರಾಣ ಹೇಳುತ್ತದೆ. ಈ ಕಥೆ ಕೇಳಿ ಬೆಳೆದ ಸೀಮೆಯ ಮಕ್ಕಳು ಕನ್ನಡ ಪಾಠದಲ್ಲಿ ಇನ್ನೊಬ್ಬ ಓಡುವ ಹೆಣ್ಣನ್ನು ಕಂಡರು. ಅವಳೇ ಬಿ.ಎಂ. ಶ್ರೀಕಂಠಯ್ಯನವರ ‘ಕರಿಹೆಗ್ಗಡೆಯ ಮಗಳು’. ತಲೆಮಾರುಗಳೇ ಅವಳ ಕಥೆಯನ್ನು ಬಾಯಿಪಾಠ ಮಾಡಿವೆ. ಅವಳು ನಮ್ಮ ಮಲೆನಾಡಿನವಳೇ ಇರಬೇಕೆಂದು ಯಾರಿಗಾದರೂ ಅನ್ನಿಸೀತು.

ಅವಳ ತವರು ಸ್ಕಾಟ್ಲೆಂಡ್. 1777ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಥಾಮಸ್ ಕ್ಯಾಂಬೆಲ್ 1809ರಲ್ಲಿ ಪ್ರಕಟಿಸಿದ ಕವನದಲ್ಲಿ ಅವಳು ಲಾರ್ಡ್ ಉಲ್ಲಿನ್‌ನ ಮಗಳು. ಅವಳ ಕೈಹಿಡಿದವನು ಉಲ್ವಾ ದ್ವೀಪದ ನಾಯಕ. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದ ಶ್ರೀಯವರು ಲಾರ್ಡನನ್ನು ಹೆಗ್ಗಡೆಯಾಗಿಸಿದರು, ನಾಯಕನನ್ನು ಗೌಡನಾಗಿಸಿದರು, ದೋಣಿಯವನನ್ನು ತೊರೆಯನಾಗಿಸಿದರು. ಹೆಸರು ಬದಲಿಸಿದ ಮಾತ್ರಕ್ಕೆ ಕವನ ನಮ್ಮದಾಗಲಿಲ್ಲ. ಮಗಳು ಮೆಚ್ಚಿದವನ ರಕ್ತಕ್ಕಾಗಿ ಬೆನ್ನಟ್ಟುವ ತಂದೆ ಇಲ್ಲಿಯೂ ಇದ್ದ. ಈಗಲೂ ಇದ್ದಾನೆ.

ಕುದುರೆ ಮಾತ್ರ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನ ಮುಂಚೆ ನೋಟಿಸ್ ಕೊಡಬೇಕು. ಕಚೇರಿಯವರು ಅದನ್ನು ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಬೆನ್ನಟ್ಟುವವರಿಗೆ ಅಷ್ಟು ಸಾಕು! ಪ್ರಾಪ್ತ ವಯಸ್ಸಿನ ಇಬ್ಬರು ಒಪ್ಪಿ ಮದುವೆಯಾಗಲು ಮನೆಯವರ, ಸಮುದಾಯದ, ಕುಲದ ಸಮ್ಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 27ರಂದು ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿತು. ಬೆದರಿಕೆಗೆ ಒಳಗಾದ ಜೋಡಿಗಳಿಗೆ ಜಿಲ್ಲೆಗಳಲ್ಲಿ ಸುರಕ್ಷಿತ ವಸತಿ ಒದಗಿಸುವುದನ್ನು ಪರಿಶೀಲಿಸಲು ರಾಜ್ಯ ಸರ್ಕಾರಗಳಿಗೆ ಸೂಚಿಸಿತು. ತೀರ್ಪು ಬಂದರೂ ಮರ್ಯಾದೆಯ ಹೆಸರಿನ ಕೊಲೆಗಳು ನಿಂತಿಲ್ಲ. ಇದು ಒಂದು ಜಾತಿಯ, ಒಂದು ಮತದ ಮನೆಯ ಮಾತಲ್ಲ; ನಮ್ಮ ಮೊಹಲ್ಲಾಗಳೂ ಹೊರತಲ್ಲ. ನಿಕಾಹ್‌ಗೆ ವಧುವಿನ ಒಪ್ಪಿಗೆ ಕೇಳುವ ನಾವು ಅವಳ ಆಯ್ಕೆ ಏನೆಂದು ಕೇಳಲು ಹಿಂಜರಿಯುತ್ತೇವೆ.

ಕವನದಲ್ಲಿ ನಮಗೆ ಹೆಚ್ಚು ಹಿಡಿಸುವವನು ಆ ತೊರೆಯ. ಗೌಡ ಹಣ ಕೊಡುತ್ತೇನೆಂದರೂ ಅವನು ಹಣಕ್ಕಾಗಿ ದೋಣಿ ಬಿಡಲಿಲ್ಲ. ಆ ಹೆಣ್ಣಿಗಾಗಿ ಬಿರುಗಾಳಿಗೆ ಇಳಿದ. ಪಾಠ ಹೇಳುವಾಗ ಅವನ ಬಗ್ಗೆ ಎರಡು ಮಾತು ಹೆಚ್ಚು ಆಡಬಹುದಿತ್ತು. ವಿಶೇಷ ವಿವಾಹಕ್ಕೆ ಮೂವರು ಸಾಕ್ಷಿಗಳು ಬೇಕು. ಊರಿನ ಕಣ್ಣು ಕೆಂಪಾದರೂ ಸರಿ ಎಂದು ಸಹಿ ಹಾಕುವ ಗೆಳತಿ, ಒಂದು ರಾತ್ರಿಗೆ ಬಾಗಿಲು ತೆರೆಯುವ ಚಿಕ್ಕಮ್ಮ, ಇವರೂ ತೊರೆಯರೇ.

ಪುರಾಣದ ಜಮದಗ್ನಿ ಕೋಪ ಇಳಿದ ಮೇಲೆ ವರ ಕೊಟ್ಟ, ರೇಣುಕೆ ಮತ್ತೆ ಎದ್ದಳು. ಹೆಗ್ಗಡೆಯ ಕೋಪವೂ ಇಳಿಯಿತು. ಅವನು ದಡದಲ್ಲಿ ನಿಂತು ಕ್ಷಮಿಸಿದ್ದೇನೆ, ಮರಳಿ ಬಾ ಎಂದು ಕೂಗಿದ. ಆ ಹೊತ್ತಿಗೆ ದೋಣಿ ಮುಳುಗುತ್ತಿತ್ತು.