ದೀಕ್ಷಾಸ್ನಾನ ಆಯ್ತು, ಆಮೇಲೆ?

ದೊಡ್ಡವಳಾದ ಮೇಲೆ ಕಥೊಲಿಕಳಾದ ಗೆಳತಿಯೊಬ್ಬಳು ನಂಗೆ ಹೇಳಿದ್ಲು: “ಈಸ್ಟರ್ ರಾತ್ರಿ ಎಲ್ರೂ ಚಪ್ಪಾಳೆ ತಟ್ಟಿದ್ರು. ಮುಂದಿನ ಭಾನುವಾರ ಒಬ್ರೂ ಮಾತಾಡಿಸ್ಲಿಲ್ಲ.” ಹಿಂದೆಲ್ಲ ಹೇಗಿತ್ತು ಅಂತ ಹುಡುಕಿದೆ.

ಕ್ರಿ.ಶ. 387, ಇಟಲಿಯ ಮಿಲಾನ್. ಈಸ್ಟರ್ ಜಾಗರಣೆಯ ರಾತ್ರಿ 32 ವರ್ಷದ ಅಗಸ್ಟೀನ್‌ಗೆ ಬಿಷಪ್ ಆಂಬ್ರೋಸ್ ದೀಕ್ಷಾಸ್ನಾನ ಕೊಡ್ತಾರೆ. ಮಗ ಮತ್ತು ಗೆಳೆಯ ಅಲಿಪಿಯಸ್ ಕೂಡ ಜೊತೆಗೇ ದೀಕ್ಷೆ ಪಡೀತಾರೆ. ಆಂಬ್ರೋಸ್ ಹೊಸಬರನ್ನ ಅಲ್ಲಿಗೇ ಬಿಡ್ತಿರಲಿಲ್ಲ. ಮುಂದಿನ ವಾರ ಅವರನ್ನ ಕೂರಿಸಿಕೊಂಡು, ಆ ರಾತ್ರಿ ನಡೆದದ್ದರ ಅರ್ಥ ಬಿಡಿಸಿ ಹೇಳ್ತಿದ್ರು.

ಶಿಶುಗಳಿಗೆ ದೀಕ್ಷಾಸ್ನಾನ ಕೊಡೋದೇ ರೂಢಿಯಾದಂತೆ ಈ ಪದ್ಧತಿ ಮರೆಗೆ ಸರಿಯಿತು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ವಯಸ್ಕರಿಗಾಗಿ ಹಂತಹಂತದ ಸಿದ್ಧತೆಯನ್ನ ಮತ್ತೆ ತರಲು ಹೇಳಿತು. 1972ರಲ್ಲಿ ಹೊಸ ವಿಧಿ ಬಂತು. ಅದರ ಪ್ರಕಾರ ಹೊಸಬರಿಗೆ ಒಬ್ಬ ಜೊತೆಗಾರ ಬೇಕು, ದೀಕ್ಷೆಯ ನಂತರವೂ ಕಲಿಕೆ ನಡೀಬೇಕು. ಜವಾಬ್ದಾರಿ ಪಾದ್ರಿ ಒಬ್ಬರದ್ದಲ್ಲ, ಇಡೀ ಸಮುದಾಯದ್ದು.

ನಾನು ಬಿ.ಕಾಂ ಓದಿದವನು. ಖಾತೆ ತೆರೆಸಿ ಗ್ರಾಹಕರನ್ನ ಮರೆತರೆ ಬ್ಯಾಂಕೇ ಉಳಿಯಲ್ಲ. ಚರ್ಚಿನಲ್ಲಂತೂ ಬಂದಿರೋದು ಮನುಷ್ಯರು. ಮುಂದಿನ ಭಾನುವಾರ ಹೊಸ ಮುಖ ಕಂಡರೆ, ಪಕ್ಕದಲ್ಲಿ ಹೋಗಿ ಕೂತ್ಕೊಳ್ಳಿ.